ಬ್ಯಾಂಕಾಕಿಗೆ ಹೋಗದ ಅಂಗಿ

ನಮ್ಮ ಮಾವನವರ ಎರಡೂ ಹೆಬ್ಬೆರಳ ಗೆಣ್ಣಿನ ಮೇಲೆ ಹುಣಸೆಬೀಜದಂಥ ಗಂಟು ಇತ್ತು. ಕಪ್ಪಗೆ, ನುಣ್ಣಗೆ ಹೊಳೆಯುತ್ತಿತ್ತು. ಹೆಬ್ಬೆರಳು ಮಡಚಿ ಹಾಲು ಕರೆಯುವವರಿಗೆ ವರ್ಷಗಟ್ಟಲೆ ಕರೆದ ಮೇಲೆ ಹಾಗಾಗುತ್ತದೆ. ಚಹಾದ ಬಸಿ ಎತ್ತುವಾಗ ಆ ಗಂಟು ಅಂಚಿಗೆ ತಾಗಿ ಟಕ್ ಅನ್ನುತ್ತಿತ್ತು. ಮದುವೆಯಾಗಿ ಅಥಣಿಯಿಂದ ಕಬ್ಬೂರಿಗೆ ಬಂದ ಮೇಲೆ ಬಹಳ ದಿನ ನಾನು ಅವರ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. ಸೆರಗು ಹಣೆಯ ತನಕ ಎಳೆದುಕೊಂಡು ಚಹಾ ಕೊಡುವ ಸೊಸೆಗೆ ಮಾವನ ಕೈಯಷ್ಟೇ ಕಾಣುತ್ತದೆ.

ಬ್ಯಾಂಕಾಕಿನ ಸುದ್ದಿ ಮನೆಗೆ ಬರುವ ಹಿಂದಿನ ಸಂಜೆ ನನಗೆ ಇನ್ನೂ ನೆನಪಿದೆ. ನೆನಪಿಡುವಂಥದ್ದೇನೂ ಅವತ್ತು ನಡೆಯಲಿಲ್ಲ. ಮಾವನವರು ಹೊಲದಿಂದ ಕಬ್ಬಿನ ವಾಡಿಯ ಹೊರೆ ಹೊತ್ತು ಬಂದರು. ವಾಡಿ ಅಂದರೆ ಕಬ್ಬಿನ ತುದಿಯ ಹಸಿರು ಗರಿ, ನಮ್ಮ ಕಡೆ ದನಗಳ ಮೇವು. ಅದನ್ನು ಗೋದಲಿಗೆ ಹಾಕಿ, ಕೈಕಾಲು ತೊಳೆದು, ಚಂದ್ರಿಯ ಮಗ್ಗುಲಿಗೆ ಕುಕ್ಕರುಗಾಲಿನಲ್ಲಿ ಕುಂತರು. ಚಂದ್ರಿ ನಮ್ಮ ಪಂಢರಪುರಿ ಎಮ್ಮೆ. ಕೋಡು ಬೆನ್ನ ಮೇಲೆ ಮಲಗಿಸಿದ ಕತ್ತಿಯ ಹಾಗೆ ಹೆಗಲ ತನಕ ಉದ್ದ. ನಾನು ಬಕೆಟ್ಟು ಹಿಡಿದು ಕಂಬದ ಮರೆಗೆ ನಿಂತೆ. ಮಾವನವರು ಅವಳ ಹೊಟ್ಟೆಗೆ ಹಣೆ ಆನಿಸಿ ದಿನದ ಸುದ್ದಿ ಶುರು ಮಾಡಿದರು.

"ಚಂದ್ರಿ, ತಳವಾರ ಓಣ್ಯಾಗ ಮುದುಕಿ ಹೋತವಾ. ಕಡಿಯಾಕ ಕಾರ್ಖಾನಿ ಟೋಳಿ ಇನ್ನೂ ಬಂದಿಲ್ಲ, ಕಬ್ಬು ಹಂಗ ನಿಂತೈತಿ. ಮಧ್ಯಾಹ್ನದ ಬಸ್ಸು ಇವತ್ತೂ ಬರ್ಲಿಲ್ಲ."

ಅವಳು ಮೆಲುಕು ಹಾಕುತ್ತ, ಕಿವಿ ಹಿಂದಕ್ಕೆ ತಿರುಗಿಸಿ ಕೇಳಿಸಿಕೊಂಡು, ಆಮೇಲೆ ಸೊರ ಬಿಟ್ಟಳು. ಎಮ್ಮೆ ಮನಸ್ಸು ಮಾಡಿ ಕೆಚ್ಚಲಿಗೆ ಹಾಲು ಇಳಿಸುವುದಕ್ಕೆ ಸೊರ ಬಿಡುವುದು ಅನ್ನುತ್ತಾರೆ. ಅದು ಅವಳ ಇಷ್ಟ, ಯಾರ ಬಲವೂ ನಡೆಯುವುದಿಲ್ಲ.

ಕರೆದು ಮುಗಿಸುವಾಗ ಮಾವನವರು ಸುದ್ದಿಯ ಬಾಲಕ್ಕೆ ಇನ್ನೊಂದು ಮಾತು ಸೇರಿಸಿದರು. "ಚಂದ್ರಿ, ಇವತ್ತ ಬ್ಯಾಳಿಗೆ ಉಪ್ಪು ಹಾಕೂದ ಯಾರೋ ಮರತಾರ. ಇರ್ಲಿ. ನೀ ಏನೂ ಅನಬ್ಯಾಡ."

ನಮ್ಮ ಮನೆಯಲ್ಲಿ ಮಾವ ಸೊಸೆಯ ಜೊತೆ ನೇರ ಮಾತಾಡುವ ಪದ್ಧತಿ ಇರಲಿಲ್ಲ. ಸೊಸೆಯಂತೂ ತುಟಿ ಬಿಚ್ಚುವ ಹಾಗೇ ಇಲ್ಲ. ಬೇರೆ ಮನೆಗಳಲ್ಲಿ ಮಾವಂದಿರು ಹೆಂಡತಿಗೆ ಹೇಳಿ ಸೊಸೆಗೆ ಮುಟ್ಟಿಸುತ್ತಾರೆ. ನಮ್ಮ ಅತ್ತೆಗೆ ಹೇಳಿದರೆ ಒಂದು ಮಾತು ಮೂರಾಗಿ, ಖಾರ ಹಚ್ಚಿಕೊಂಡು ಬರುತ್ತಿತ್ತು. ಆದ್ದರಿಂದ ಮಾವನವರು ಎಮ್ಮೆಗೆ ಹೇಳುತ್ತಿದ್ದರು. ಅವತ್ತು ರಾತ್ರಿಯ ಊಟಕ್ಕೆ ನಾನು ಉಪ್ಪಿನ ಬಟ್ಟಲು ತಂದು ತಾಟಿನ ಬದಿಗಿಟ್ಟೆ. ಅವರು "ಹ್ಞೂ" ಅಂದರು. ಅದೂ ಕೊಟ್ಟಿಗೆಯ ಕಡೆಗೆ ಮುಖ ಮಾಡಿ.

ಮರುದಿನ ನಮ್ಮ ಯಜಮಾನರು ಚಿಕ್ಕೋಡಿಯಿಂದ ಕುಣಿಯುತ್ತ ಬಂದರು. ಅವರು ಅಲ್ಲಿ ಹನಿ ನೀರಾವರಿ ಪೈಪಿನ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಪೈಪಿನ ಕಂಪನಿಯವರು ಅಂಗಡಿಗಳ ಸಾಹುಕಾರರನ್ನು ಸಂಕ್ರಾಂತಿ ಆದ ಮೇಲೆ ಬ್ಯಾಂಕಾಕ್ ತೋರಿಸಲು ಒಯ್ಯುವವರಿದ್ದರು. ಇವರ ಸಾಹುಕಾರರು ಒಮ್ಮೆ ಹೋಗಿ ಬಂದವರು. ತಮ್ಮ ಎರಡು ಸೀಟು ಇವರಿಗೆ ಕೊಟ್ಟಿದ್ದರು.

"ನೀನು, ಅವ್ವ ಹೋಗಿ ಬರ್ರಿ ಅಪ್ಪಾ. ವಿಮಾನ, ಹೋಟ್ಲ, ಊಟ ಎಲ್ಲಾ ಅವ್ರದ. ನಾಕ ದಿನ."

ಅತ್ತೆ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಹಿಡಿದು ಎದ್ದು ನಿಂತರು. ಮಾವನವರು ಒಂದೇ ಮಾತು ಕೇಳಿದರು. "ಚಂದ್ರಿ?"

ಅದು ಸುಳ್ಳು ನೆಪವಾಗಿರಲಿಲ್ಲ. ಚಂದ್ರಿ ಮಾವನವರ ಕೈಗೆ ಬಿಟ್ಟು ಯಾರ ಕೈಗೂ ಸೊರ ಬಿಡುತ್ತಿರಲಿಲ್ಲ. ಒಮ್ಮೆ ಅವರು ಪಂಢರಪುರಕ್ಕೆ ಹೋಗಿದ್ದಾಗ ಹಾಲು ತಡೆಹಿಡಿದು ಕೆಚ್ಚಲು ಬಾತು ಕಲ್ಲಾಗಿ, ಒಂದು ಮೊಲೆ ಕೆಡುವ ಹಂತಕ್ಕೆ ಬಂದಿತ್ತಂತೆ. ಆಮೇಲೆ ಅವರು ಒಂದು ರಾತ್ರಿಯೂ ಊರು ಬಿಟ್ಟಿರಲಿಲ್ಲ. ಅಥಣಿಯಲ್ಲಿ ನಮ್ಮ ಮದುವೆಯ ದಿನವೂ ಅಷ್ಟೇ. ಅಕ್ಕಿಕಾಳು ಬಿದ್ದದ್ದೇ ತಡ, ಎಲೆ ಹಾಕುವುದರೊಳಗೆ ಗಂಡಿನ ಅಪ್ಪ ಮಾಯ. ಬೀಗರಿಗೆ ಏನು ಕಡಿಮೆಯಾಯಿತೆಂದು ನಮ್ಮ ಅಪ್ಪ ಪಂಕ್ತಿಯ ತುಂಬ ಕೈಮುಗಿಯುತ್ತ ತಿರುಗಿದ. ಮಾವನವರು ಆಗ ಟೆಂಪೋದಲ್ಲಿ ಕೂತು ಎಮ್ಮೆ ಕರೆಯಲು ಕಬ್ಬೂರಿಗೆ ಓಡುತ್ತಿದ್ದರು. ಬೀಗರು ಮುನಿಸಿಕೊಂಡು ಉಣ್ಣದೆ ಹೋದರು ಎಂಬ ಮಾತು ನಮ್ಮ ಓಣಿಯಲ್ಲಿ ಹಾಗೇ ಉಳಿಯಿತು. ನಾನು ವಿವರಿಸಿ ಹೇಳಿದರೂ ನಮ್ಮಪ್ಪ ನಂಬಲಿಲ್ಲ. "ಎಮ್ಮಿ ಸಲುವಾಗಿ ಮಗನ ಮದವಿ ಊಟ ಯಾರರ ಬಿಡ್ತಾರೇನ?" ಅನ್ನುತ್ತಿದ್ದ.

"ನಾ ಬರಾಂಗಿಲ್ಲ. ನೀವ ತಾಯಿಮಗ ಹೋಗ್ರಿ," ಅಂದರು ಮಾವನವರು.

ಅತ್ತೆ ರೊಟ್ಟಿಯನ್ನು ಬುಟ್ಟಿಗೆ ಒಗೆದರು. "ಹುಟ್ಟಿದಾಗಿಂದ ಎಮ್ಮಿ ಜೋಡಿ ಸಂಸಾರ ಮಾಡೀರಿ. ನಾಕ ದಿನ ನನ್ನ ಜೋಡಿ ಮಾಡಿದ್ರ ನಿಮ್ಮ ಗಂಟೇನು ಹೋಗ್ತೈತಿ? ಹೋದ್ರ ನಿಮ್ಮ ಜೋಡಿನ ಹೋಗಾಕಿ. ಇಲ್ಲಾಂದ್ರ ನನಗೂ ಬ್ಯಾಡ."

ಬೈಗುಳದ ದನಿಯಲ್ಲೇ ಹೇಳಿದರು. ಆದರೆ ಅವತ್ತು ರಾತ್ರಿ ಅವರು ಊಟ ಮಾಡಲಿಲ್ಲ. ಗಂಡನ ಜೊತೆ ಎಲ್ಲಿಗೂ ಒಂದು ರಾತ್ರಿ ಹೋಗಿರದ ಹೆಂಗಸು ಅವರು. ಮಾವನವರಿಗೆ ಅದು ಗೊತ್ತಾಯಿತು. ಬೆಳಗಿನ ಹಾಲು ಕರೆಯುವಾಗ, "ಚಂದ್ರಿ, ನೀ ಸ್ವಲ್ಪ ಹೊಂದ್ಕೋಬೇಕಾಗೈತಿ," ಅಂದರು.

ಯಜಮಾನರು ಕಂಪನಿಯ ಬಣ್ಣದ ಚಿತ್ರಗಳ ಹಾಳೆ ತಂದರು. ಅತ್ತೆ ಅದನ್ನು ಗೋಡೆಗೆ ಅನ್ನ ಹಚ್ಚಿ ಅಂಟಿಸಿದರು. ಅದರಲ್ಲಿ ದೋಣಿಗಳ ಮೇಲೆ ಸಂತೆ ನಡೆಯುವ ಚಿತ್ರವಿತ್ತು. ನೀರಿನ ಮೇಲೆ ತೇಲುತ್ತ ಹೆಂಗಸರು ಕಾಯಿಪಲ್ಯ ಮಾರುತ್ತಿದ್ದರು. ಅತ್ತೆ ಬಂದವರಿಗೆಲ್ಲ ಅದನ್ನೇ ತೋರಿಸಿದರು. "ನಮ್ಮ ಚಿಕ್ಕೋಡಿ ಸಂತ್ಯಾಗ ಎಮ್ಮಿ ಸಗಣಿ ತುಳದ ಸಾಕಾಗೈತಿ. ಇಲ್ಲಿ ನೋಡ್ರಿ, ಸಂತಿನ ನಮ್ಮ ಕಡೆ ತೇಲಿಕೋಂತ ಬರ್ತೈತಿ."

ಮಾವನವರು ಚಿತ್ರಗಳನ್ನೆಲ್ಲ ದಾಟಿ ಬೇರೆಯದನ್ನೇ ಕೇಳಿದರು. "ಅಲ್ಲಿ ಎಮ್ಮಿ ಅದಾವೇನೊ?"

ಯಜಮಾನರು ಮೊಬೈಲಿನಲ್ಲಿ ಹುಡುಕಿ ತೋರಿಸಿದರು. ಕೆಸರುಗದ್ದೆಯಲ್ಲಿ ನಿಂತ, ಅಗಲ ಕೋಡಿನ ಎಮ್ಮೆ. ಮಾವನವರು ಮೊಬೈಲನ್ನು ಬಿಸಿಲಿಗೆ ಓರೆ ಮಾಡಿ ಕೆಚ್ಚಲು ಹುಡುಕಿದರು.

"ಅವನ್ನ ಗದ್ದಿ ಊಳಾಕ ಇಟ್ಟಿರ್ತಾರಂತ ಅಪ್ಪಾ. ಹಾಲು ಕರಿಯೂದು ಕಡಿಮಿ."

"ಕರಿಯೂದಿಲ್ಲ?" ಮಾವನವರು ಮೊಬೈಲು ತಿರುಗಿ ಕೊಟ್ಟರು. "ಹಂಗಾರ ಆ ಊರಾಗ ಗಂಡಸರು ಬೆಳಗ್ಗೆ ಎದ್ದು ಏನ್ ಮಾಡ್ತಾರ?"

ಸುದ್ದಿ ಓಣಿಗೆ ಹರಡಿತು. ಬಾಜೂಮನೆಯ ಕಾಕಾ ನಿಪ್ಪಾಣಿಯ ತಂಬಾಕಿನ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ಕೆಲಸ ಮಾಡುವವರು, ಲೋಕ ತಿಳಿದವರು. ಕಟ್ಟೆಯ ಮೇಲೆ ಕುಂತು ಮೀಸೆಯಲ್ಲೇ ನಕ್ಕರು. "ಅಣ್ಣಾ, ಅಲ್ಲಿ ಮಾಲಿಶ್ ಭಾರಿ ಮಾಡ್ತಾರಂತಪಾ. ಹೆಣಮಕ್ಕಳು. ಕೈಕಾಲು ಎಲ್ಲಾ ಲಟಲಟ ಮುರೀತಾರಂತ."

ಅತ್ತೆ ಒಳಗಿನಿಂದಲೇ ಕೂಗಿದರು. "ಮುರಿಸ್ಕೊಳ್ಳೂದಿದ್ರ ಬ್ಯಾಂಕಾಕ್ ತನಾ ಯಾಕ ಬೇಕು? ನನ್ನ ಲಟ್ಟಣಿಗಿ ಇಲ್ಲೇ ಐತಿ. ನಿನಗೂ ಬೇಕೇನಪಾ ಕಾಕಾ?"

ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ಮಾವನವರು ತಲೆಗೆ ಸುತ್ತಿದ ಪಟಕ ತೆಗೆಯಬೇಕಾಯಿತು. ಹುಬ್ಬಿನ ಮೇಲಕ್ಕೆ ಬೆಣ್ಣೆಯಂಥ ಬಿಳಿ, ಕೆಳಗೆ ಸುಟ್ಟ ರೊಟ್ಟಿಯ ಕಪ್ಪು. ಆ ಫೋಟೋ ನೋಡಿ ಅತ್ತೆ ನಕ್ಕದ್ದು ಚಿಕ್ಕೋಡಿಯಿಂದ ಕಬ್ಬೂರಿನ ತನಕ ನಿಲ್ಲಲಿಲ್ಲವಂತೆ.

ಪಾಸ್‌ಪೋರ್ಟು ಬಂತು. ಎಮ್ಮೆ ಮಾತ್ರ ಒಪ್ಪಲಿಲ್ಲ. ಮೊದಲು ಯಜಮಾನರು ಕುಂತರು. ಚಂದ್ರಿ ಒಂದೇ ಒದೆಗೆ ಬಕೆಟ್ಟು ಅಂಗಳಕ್ಕೆ ಕಳಿಸಿದಳು. ಆಮೇಲೆ ಕಾಕಾ ಬಂದರು. ಅವರ ಮೈಯ ತಂಬಾಕಿನ ಘಾಟಿಗೆ ಅವಳು ಸೀನಿ, ಸೀನಿ, ಅವರ ಧೋತರವನ್ನೆಲ್ಲ ತೋಯಿಸಿದಳು. "ಇಂಜೆಕ್ಷನ್ ಚುಚ್ಚಿಸಿಬಿಡ್ರಿ, ತಾನ ಇಳಸ್ತೈತಿ," ಅಂದರು ಕಾಕಾ. ಮಾವನವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಅಕಿ ಕೊಡೂದು ಹಾಲು. ಕಸಗೊಳ್ಳಾಕ ಹೋಗಬಾರ್ದು," ಅಂದು ಎದ್ದು ಹೋದರು.

ಅವತ್ತು ಸಂಜೆ ನಾನು ಎಂದಿನಂತೆ ಕಂಬದ ಮರೆಗೆ ನಿಂತಿದ್ದೆ. ಮಾವನವರು ಚಂದ್ರಿಯ ಕಿವಿ ತುರಿಸುತ್ತ ಹೇಳಿದರು. "ಚಂದ್ರಿ, ನಾಳಿಂದ ಬಕೆಟ್ ಹಿಡಿಯಾಕಿನ ಕುಂಡ್ರತಾಳ. ಅಕಿ ವಾಸನಿ ನಿನಗ ಗೊತ್ತೈತಿ. ನನ್ನ ಅಂಗಿ ಹಾಕ್ಕೊಂಡ ಬರ್ತಾಳ. ನಗಬ್ಯಾಡ."

ಕರೆಯುವವರ ಬಟ್ಟೆ ತೊಟ್ಟು ಎಮ್ಮೆಯನ್ನು ಒಲಿಸುವುದು ದನ ಸಾಕುವವರಲ್ಲಿ ಇದ್ದದ್ದೇ. ಆದರೆ ಮುಖ ತೋರಿಸಬಾರದ ಸೊಸೆ ಮಾವನ ಅಂಗಿ ತೊಡುವುದೆಂದರೆ? ಅದೂ ಒಗೆಯದ ಅಂಗಿ, ಒಗೆದರೆ ವಾಸನೆ ಹೋಗುತ್ತದೆ. ಪಟಕ ಬೇರೆ ಸುತ್ತಬೇಕು. ಸುತ್ತಿದರೆ ಸೆರಗು ಎಲ್ಲಿ ಹೊದೆಯುವುದು? ಅತ್ತೆಯೇ ತೀರ್ಪು ಕೊಟ್ಟರು. "ತಲಿ ಮ್ಯಾಲ ಏನರ ಇದ್ರ ಆತು. ಸೆರಗ ಆಗ್ಲಿ, ಪಟಕ ಆಗ್ಲಿ, ಮರ್ಯಾದಿ ಮರ್ಯಾದಿನ."

ಹೀಗೆ ನಾನು ಸೀರೆಯ ಮೇಲೆ ಮಾವನವರ ದೊಗಲೆ ನೆಹರು ಅಂಗಿ ತೊಟ್ಟು, ಪಟಕ ಸುತ್ತಿ ಕೊಟ್ಟಿಗೆಗೆ ಹೋದೆ. ಅಂಗಿಗೆ ಹಿಂಡಿ, ಬೆವರು, ಕಬ್ಬಿನ ಗರಿಯ ವಾಸನೆ. ಬಾಗಿಲಲ್ಲಿ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿದ್ದರು. ಮಾವನವರು ಗೋಡೆಯ ಆಚೆ ನಿಂತರು, ಕಂಡರೆ ಚಂದ್ರಿ ಅವರನ್ನೇ ಕೇಳುತ್ತಾಳೆಂದು. ನಾನು ಹೆಬ್ಬೆರಳು ಮಡಚಿ ಹಿಡಿದೆ. ಚಂದ್ರಿ ಒದೆಯಲಿಲ್ಲ. ಹಾಲೂ ಇಳಿಸಲಿಲ್ಲ. ಕಿವಿ ಹಿಂದಕ್ಕೆ ತಿರುಗಿಸಿ ನಿಂತಳು.

ಗೋಡೆಯ ಆಚೆಯಿಂದ ದನಿ ಬಂತು. "ಚಂದ್ರಿ, ಸುದ್ದಿ ಕೇಳು. ಈಗ ಹೇಳ್ತಾರ ನೋಡು."

ಏನು ಸುದ್ದಿ ಹೇಳಲಿ? ನಾನು ಮನೆ ಬಿಟ್ಟು ಹೊರಗೆ ಹೋದವಳಲ್ಲ. ಮಾವನವರ ಕಿವಿಗೆ ಬೀಳುವ ಹಾಗೆ ದನಿ ಎತ್ತಿದವಳೂ ಅಲ್ಲ. ಕೊನೆಗೆ ಅಂದೆ, "ಚಂದ್ರಿ... ಇವತ್ತ ಬದನಿಕಾಯಿ ಪಲ್ಯಾ ಮಾಡೀನಿ."

ಗೋಡೆಯ ಆಚೆಯಿಂದ, "ಚಂದ್ರಿ, ಉಪ್ಪು?"

"ಹಾಕೀನಿ, ಚಂದ್ರಿ."

ಅತ್ತೆ ಬಾಗಿಲಲ್ಲೇ ಕುಸಿದು ಕುಂತು ನಕ್ಕರು. ಅವತ್ತು ಒಂದು ಲೋಟದಷ್ಟು ಹಾಲು ಬಂತು. ಉಳಿದದ್ದನ್ನು ಮಾವನವರೇ ಕರೆದರು.

ದಿನಾ ಇದೇ ಆಯಿತು. ನಾನು ಸುದ್ದಿ ಹೇಳುವುದು, ಚಂದ್ರಿ ಸ್ವಲ್ಪ ಸ್ವಲ್ಪ ಕೊಡುವುದು, ಗೋಡೆಯ ಆಚೆಯಿಂದ ಮಾವನವರು ಚಂದ್ರಿಯ ಹೆಸರಿನಲ್ಲಿ ಕೇಳುವುದು. ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿದರೆ ಮಾತು ತಾನಾಗಿ ಬರುತ್ತದೆ, ಅದು ನನಗೆ ಆಗ ತಿಳಿಯಿತು. ಒಂದು ಸಂಜೆ ಹೇಳಬೇಕೆಂದು ಹೇಳಲಿಲ್ಲ, ಬಾಯಿಗೆ ಬಂದುಬಿಟ್ಟಿತು. "ಚಂದ್ರಿ, ನಮ್ಮಪ್ಪ ಇನ್ನೂ ಅಂತಾನ. ಬೀಗರು ನಮ್ಮ ಮನಿ ಅನ್ನ ಉಣಲಾರದ ಹೋದ್ರು ಅಂತ. ಯಾರರ ಮದವಿಗೆ ಹೋದ್ರ ಈಗೂ ಪಂಕ್ತ್ಯಾಗ ಕುಂಡ್ರೂದಿಲ್ಲ."

ಕರೆದು ಹೊರಗೆ ಬಂದು ನೋಡಿದರೆ ಗೋಡೆಯ ಆಚೆ ಮಾವನವರು ಇರಲಿಲ್ಲ. ತಪ್ಪು ಮಾತಾಡಿದೆನೆಂದು ನಾನು ಹೆದರಿದೆ.

ಮರುದಿನ ಮಾವನವರು ಬೆಳಗಿನ ಹಾಲು ಕರೆದವರೇ ಒಗೆದ ಧೋತರ ಉಟ್ಟು ಎಲ್ಲಿಗೋ ಹೊರಟರು. ಅತ್ತೆ ಕೇಳಿದರೂ ಹೇಳಲಿಲ್ಲ. ಸಂಜೆ ನಾನು ಅಂಗಿ ತೊಟ್ಟು ಕುಂತಾಗ ಗೋಡೆಯ ಆಚೆ ಕೆಮ್ಮಿದರು.

"ಚಂದ್ರಿ, ಅಥಣ್ಯಾಗ ಹೋಳಿಗಿ ಭಾಳ ಛಲೋ ಮಾಡಿದ್ರು. ಎರಡ ಸಲ ನೀಡಿಸ್ಕೊಂಡೆ. ಬೀಗರು ಬಾಜೂಕ ಕುಂತು ಕಣ್ಣ ಒರಸ್ಕೊಳ್ಳಾಕತ್ತಿದ್ರು. ಸಾರಿಗೆ ಖಾರ ಹೆಚ್ಚಾಗಿತ್ತೋ ಏನೋ."

ನನ್ನ ಕೈ ನಿಂತುಹೋಯಿತು. ಪಟಕ ಚಂದ್ರಿಯ ಹೊಟ್ಟೆಗೆ ಒತ್ತಿ ಕುಂತೆ. ಚಂದ್ರಿ ಅವತ್ತೇ ಮೊದಲ ಸಲ ನನ್ನ ಕೈಗೆ ಪೂರಾ ಸೊರ ಬಿಟ್ಟಳು. ಬಕೆಟ್ಟು ನೊರೆಯೇರಿ ತುಂಬಿತು. ಅವಳಿಗೆ ಹೋಳಿಗೆಯ ಸುದ್ದಿ ಹಿಡಿಸಿರಬೇಕು.

ಹೊರಡುವ ದಿನ ಹೊಸ ತಕರಾರು ಬಂತು. ಮಾವನವರಿಗೆ ಇದ್ದದ್ದರಲ್ಲಿ ಚಲೋ ಅಂಗಿ ಅಂದರೆ ಚಂದ್ರಿಗೆ ಒಗ್ಗಿದ ಅದೇ ಅಂಗಿ. ಅದನ್ನು ಬಿಟ್ಟು ಹೋಗಬೇಕು. ಕೊನೆಗೆ ಮಗನ ಚೌಕಡಿ ಶರ್ಟು ತೊಟ್ಟು, ಮಗನದೇ ಪ್ಯಾಂಟಿನೊಳಗೆ ಸಿಗಿಸಿ ಬಂದು ನಿಂತರು. ಅತ್ತೆ ಮೇಲಿಂದ ಕೆಳಗೆ ನೋಡಿ, "ಯಾರ ಗಂಡನ ಜೋಡಿ ಹೊಂಟೇನೋ ನನಗ ತಿಳೀವಲ್ತು," ಅಂದರು. ಆದರೂ ನಿಪ್ಪಾಣಿಯಲ್ಲಿ ಕಂಪನಿಯ ಬಸ್ಸು ಹತ್ತುವಾಗ ಆ ಅಪರಿಚಿತ ಗಂಡಸಿನ ತೋಳು ಬಿಡಲಿಲ್ಲವೆಂದು ಯಜಮಾನರು ಬಂದು ಹೇಳಿದರು.

ಮೊದಲ ದಿನ ಎಲ್ಲ ಸುರಳೀತ. ಎರಡನೇ ದಿನ ಸಂಜೆ ಸರಿಯಾಗಿ ಕರೆಯುವ ಹೊತ್ತಿಗೆ ಬ್ಯಾಂಕಾಕಿನಿಂದ ಫೋನು ಬಂತು. ಯಜಮಾನರು ಉತ್ಸಾಹದಿಂದ ಸ್ಪೀಕರ್ ಹಚ್ಚಿ ಚಂದ್ರಿಯ ಕಿವಿಯ ಹತ್ತಿರ ಹಿಡಿದರು.

"ಚಂದ್ರಿ! ಇಲ್ಲಿ ಒಬ್ಬ ದೊಡ್ಡ ಬುದ್ಧ ದೇವರು ಮಲಗ್ಯಾನ. ಬಂಗಾರದ ಮೈ. ನಮ್ಮ ಓಣಿಯಷ್ಟು ಉದ್ದ ಅದಾನ. ನಾನೂ ನಿಮ್ಮತ್ತಿನೂ ಪಾದದ ಕಡೆ ಬಹಳ ಹೊತ್ತು ಕುಂತಿದ್ವಿ. ಎಷ್ಟ ಆರಾಮ ಮಲಗ್ಯಾನ ಅಂತಿ..."

"ನಿಮ್ಮತ್ತಿ" ಅಂದದ್ದು ಎಮ್ಮೆಗಲ್ಲ, ನನಗೆ. ಆದರೆ ಅದನ್ನು ಯೋಚಿಸುವ ಹೊತ್ತು ಅದಾಗಿರಲಿಲ್ಲ. ಚಂದ್ರಿ ದನಿ ಕೇಳಿದವಳೇ ಕತ್ತು ತಿರುಗಿಸಿದಳು. ನನ್ನನ್ನು ನೋಡಿದಳು, ಪಟಕ ನೋಡಿದಳು, ಮೂಸಿದಳು. ಗೋಡೆಯ ಆಚೆಯ ದನಿ ಈಗ ಕಿವಿಯ ಬುಡದಲ್ಲೇ, ಅಂಗಿ ಇಲ್ಲಿ, ಮನುಷ್ಯ ಎಲ್ಲೂ ಇಲ್ಲ. ಇಷ್ಟು ದಿನದ ಮೋಸ ಒಂದೇ ಕ್ಷಣಕ್ಕೆ ಬಯಲಾಯಿತು. ಹಾಲು ಮೇಲಕ್ಕೇರಿಸಿ, ಊರೆಲ್ಲ ಕೇಳುವ ಹಾಗೆ ಒದರಿದಳು. ಆ ಒದರುವಿಕೆ ಬ್ಯಾಂಕಾಕಿಗೂ ಕೇಳಿಸಿತು. "ನಾ ಈಗಿಂದೀಗ ಬರ್ತೀನಿ, ವಿಮಾನ ಎಲ್ಲೈತಿ ಕೇಳು," ಅಂತ ಮಾವನವರು. "ಬರೂದ ಬಂದ್ರ ನಾ ಇಲ್ಲೇ ದೋಣಿ ಹತ್ತಿ ಹೋಗ್ತೀನಿ," ಅಂತ ಹಿಂದಿನಿಂದ ಅತ್ತೆ.

ನಾನು ಯಜಮಾನರ ಕೈಯಿಂದ ಫೋನು ಕಸಿದುಕೊಂಡೆ. ನಡುವೆ ಎಮ್ಮೆ ಇಲ್ಲದೆ, ಗೋಡೆ ಇಲ್ಲದೆ ಮಾವನವರ ಜೊತೆ ಮಾತಾಡಿದ್ದು ಅದೇ ಮೊದಲು. "ಮಾವಾರ, ನೀವು ಬರಬ್ಯಾಡ್ರಿ. ಫೋನೂ ಮಾಡಬ್ಯಾಡ್ರಿ. ಅತ್ತಿಯವರಿಗೆ ಸಂತಿ ತೋರಸ್ರಿ. ಚಂದ್ರಿನ್ನ ನಾ ನೋಡ್ಕೋತೀನಿ." ಅಂದು ಕಟ್ ಮಾಡಿದೆ.

ಕತ್ತಲಾಗುವ ತನಕ ಅವಳ ಪಕ್ಕ ಕುಂತೆ. ಪಟಕ ತೆಗೆದಿಟ್ಟೆ. ಇನ್ನು ಮೋಸ ಮಾಡಿ ಉಪಯೋಗವಿರಲಿಲ್ಲ. ಅವರು ಎಲ್ಲಿಗೆ ಹೋಗಿದ್ದಾರೆ, ಯಾಕೆ ಹೋಗಿದ್ದಾರೆ, ಅತ್ತೆ ಯಾಕೆ ಊಟ ಬಿಟ್ಟಿದ್ದರು, ಎಲ್ಲ ಹೇಳಿದೆ. ಬಹಳ ಹೊತ್ತಿನ ಮೇಲೆ ಅವಳು ದೊಡ್ಡ ನಿಟ್ಟುಸಿರು ಬಿಟ್ಟಳು. ಹಾಲು ಇಳಿಯಿತು.

ತಿರುಗಿ ಬಂದ ದಿನ ಮಾವನವರು ಚಪ್ಪಲಿ ಸಹ ಬಿಡದೆ ಕೊಟ್ಟಿಗೆಗೆ ಓಡಿದರು. ಚಂದ್ರಿ ಮುಖ ತಿರುಗಿಸಿದಳು. ಕರೆಯಲು ಕುಂತರೆ ಒಂದು ಹನಿ ಇಲ್ಲ. ಮಗನ ಚೌಕಡಿ ಶರ್ಟು, ಹೋಟೆಲಿನ ಸಾಬೂನಿನ ಗಮಗಮ. ಮಾವನವರು, ಈ ಸಲ ಗೋಡೆಯ ಆಚೆ ನಿಂತಿದ್ದ ನನಗೆ ಕೇಳುವ ಹಾಗೆ ಸಣ್ಣ ದನಿಯಲ್ಲಿ, "ಚಂದ್ರಿ, ನನ್ನ ಅಂಗಿ ನನಗ ತಿರುಗಿ ಕೊಡಾಕ ಹೇಳವಾ," ಅಂದರು. ತಮ್ಮದೇ ಅಂಗಿ ಬೇಡಿ ತೊಟ್ಟರು. ಆದರೂ ಅವತ್ತು ಅರ್ಧ ಹಾಲು ನಾನೇ ಕರೆಯಬೇಕಾಯಿತು. ಅಲ್ಲಿಂದ ಮುಂದೆ ಬೆಳಗಿನದು ಅವರ ಪಾಲು, ಸಂಜೆಯದು ನನ್ನ ಪಾಲು, ಅಂಗಿ ಕೊಟ್ಟಿಗೆಯ ಗೂಟಕ್ಕೆ.

ಅತ್ತೆ ದೋಣಿ ಸಂತೆಯಿಂದ ಹುಲ್ಲಿನ ಟೊಪ್ಪಿಗೆ ಒಂದನ್ನು ತಂದಿದ್ದರು. ಬುಟ್ಟಿ ಬೋರಲು ಹಾಕಿದಂಥದ್ದು. ಕಬ್ಬಿಗೆ ನೀರು ಹಾಯಿಸಲು ಅದನ್ನೇ ಹಾಕಿಕೊಂಡು ಹೋಗುತ್ತಿದ್ದರು. ಓಣಿಯವರು ಕೇಳಿದರೆ, "ದೋಣ್ಯಾಗ ಕುಂತಾಗ ನಮ್ಮವರು ತಾವ ಆರಿಸಿ ತಲಿಗೆ ಇಟ್ಟಾರ," ಅನ್ನುತ್ತಿದ್ದರು. ಆಮೇಲೆ ಬೈಯುತ್ತಿದ್ದರು. "ಇಟ್ಟು ಏನಂದ್ರು ಕೇಳ್ರಿ. ಚಂದ್ರಿಗೆ ಈ ಅಳತಿದು ಸಿಗೂದಿಲ್ಲೇನು ಅಂದ್ರು."

ಮಾವನವರು ಕೆಲವು ವರ್ಷಗಳ ಮೇಲೆ, ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ತೀರಿಕೊಂಡರು. ಬೆಳಗಿನ ಹಾಲು ಕರೆದು, ಊಟ ಮಾಡಿ ಮಲಗಿದವರು ಏಳಲಿಲ್ಲ. ಅಥಣಿಯಿಂದ ನಮ್ಮಪ್ಪ ಬಂದು ಎಲ್ಲರಿಗಿಂತ ಜೋರಾಗಿ ಅತ್ತ. ಮನೆ ತುಂಬ ಜನ. ಸಂಜೆಯಾದದ್ದು ಯಾರಿಗೂ ತಿಳಿಯಲಿಲ್ಲ. ಚಂದ್ರಿ ಒದರಿದಳು. ಅತ್ತೆ ಗೋಡೆಗೆ ಒರಗಿದವರು ನನ್ನ ಮೊಣಕೈ ಮುಟ್ಟಿದರು. "ಏಳವಾ. ಅಕಿ ಕಾಯಾಕತ್ತಾಳ."

ಗೂಟದ ಮೇಲಿನ ಅಂಗಿ ತೊಟ್ಟು ಕುಂತೆ. ಚಂದ್ರಿ ಕಿವಿ ಹಿಂದಕ್ಕೆ ತಿರುಗಿಸಿ ನಿಂತಳು. ಅವತ್ತಿನ ಸುದ್ದಿ ಒಂದೇ ಇತ್ತು. "ಚಂದ್ರಿ," ಅಂದೆ. ಹಣೆ ಅವಳ ಹೊಟ್ಟೆಗೆ ಆನಿಸಿದೆ. ಅವಳು ಸುದ್ದಿ ಕೇಳದೆ ಹಾಲು ಇಳಿಸಿದಳು.

ಈಗ ಚಂದ್ರಿಯ ಮಗಳು ಇದ್ದಾಳೆ. ಅವಳು ಯಾರ ಕೈಗಾದರೂ ಕೊಡುತ್ತಾಳೆ, ಅಂಗಿ ಬೇಕಿಲ್ಲ. ನನ್ನ ಎರಡೂ ಹೆಬ್ಬೆರಳ ಗೆಣ್ಣಿನ ಮೇಲೆ ಗಂಟು ಎದ್ದಿದೆ. ಬಸಿ ಎತ್ತಿದರೆ ಟಕ್ ಅನ್ನುತ್ತದೆ, ಅತ್ತೆ ತಿರುಗಿ ನೋಡುತ್ತಾರೆ. ಮನೆಯಲ್ಲಿ ಈಗ ಪದ್ಧತಿ ಸಡಿಲವಾಗಿದೆ. ಎಲ್ಲರೂ ನನ್ನ ಜೊತೆ ನೇರವಾಗಿಯೇ ಮಾತಾಡುತ್ತಾರೆ. ಸಾರಿಗೆ ಉಪ್ಪು ಕಡಿಮೆಯಾದರೆ ನನಗೇ ಹೇಳುತ್ತಾರೆ. ಎಮ್ಮೆಗೆ ಹೇಳುವವರು ಯಾರೂ ಇಲ್ಲ.